ಡ್ರೋನ್‌ನ ಸೊನ್ನೆ ಯಾವ ನೆಲದ್ದು?

ಮುಳ್ಳಯ್ಯನಗಿರಿಯ ಸುತ್ತಲಿನ ಬೆಟ್ಟಗಳಿಂದ ಡ್ರೋನ್ ಹಾರಿಸುವ ಹೊಸಬರಲ್ಲಿ ಒಂದು ಧೈರ್ಯ ಕಾಣುತ್ತದೆ: ಕಾನೂನಿನ ಮಿತಿ 120 ಮೀಟರ್, ಮೊಬೈಲ್ ಪರದೆಯಲ್ಲಿ 40 ಎಂದಿದೆ, ಮತ್ತೇನು ಭಯ? ಆ 40 ಎಲ್ಲಿಂದ ಅಳೆದದ್ದು ಎಂದು ಕೇಳುವವರು ಕಡಿಮೆ.

ನಿಯಮದ ಮಾತನ್ನು ಬೇಗ ಮುಗಿಸೋಣ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕಿಲೋವರೆಗೆ ಮೈಕ್ರೊ. ನ್ಯಾನೊಗೂ ಹವ್ಯಾಸಕ್ಕೆ ಹಾರಿಸುವ ಮೈಕ್ರೊಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಇದನ್ನೇ ಹಿಡಿದುಕೊಂಡು ‘ಚಿಕ್ಕ ಡ್ರೋನ್‌ಗೆ ಯಾವ ಕಾನೂನೂ ಇಲ್ಲ’ ಎಂದು ಹಬ್ಬಿಸುವುದು ಶುದ್ಧ ಸುಳ್ಳು. ಮೈಕ್ರೊಗೆ ನೋಂದಣಿ ಸಂಖ್ಯೆ ಬೇಕೇ ಬೇಕು. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ಕೆಂಪು ಬಣ್ಣವಿದ್ದಲ್ಲಿ ಯಾವ ಗಾತ್ರದ್ದನ್ನೂ ಅನುಮತಿಯಿಲ್ಲದೆ ಎತ್ತುವಂತಿಲ್ಲ. ಹಸಿರಿದ್ದರೂ ಭದ್ರಾ ಅಭಯಾರಣ್ಯಕ್ಕೆ ಅರಣ್ಯ ಇಲಾಖೆಯ, ಬೇಲೂರು-ಹಳೇಬೀಡಿನ ದೇವಾಲಯಗಳಿಗೆ ಪುರಾತತ್ವ ಇಲಾಖೆಯ ಒಪ್ಪಿಗೆ ಬೇರೆ. ಹಸಿರು ವಲಯದ ಮಿತಿ ನೆಲದಿಂದ 120 ಮೀಟರ್, ಅಂದರೆ 400 ಅಡಿ. ‘ನೆಲದಿಂದ’ ಎಂಬಲ್ಲೇ ಎಲ್ಲ ಫಜೀತಿ.

ಏಕೆಂದರೆ ಡ್ರೋನ್‌ಗೆ ನೆಲ ಕಾಣುವುದು ಕೆಳಗೆ ಕೆಲವೇ ಮೀಟರ್‌ಗಳಷ್ಟು ದೂರ. ಅದರಾಚೆಗೆ ಎತ್ತರವನ್ನು ಅದು ಮುಖ್ಯವಾಗಿ ಗಾಳಿಯ ಒತ್ತಡದಿಂದ ತಿಳಿಯುತ್ತದೆ. ಒಳಗೆ ಅಕ್ಕಿಕಾಳಿನಷ್ಟು ಗಾತ್ರದ ಸಿಲಿಕಾನ್ ಚಿಪ್ ಇರುತ್ತದೆ. ಅದರಲ್ಲೊಂದು ತೆಳು ಪೊರೆ, ಪೊರೆಯ ಹಿಂದೆ ಮುಚ್ಚಿದ ಕೋಣೆ. ಹೊರಗಿನ ಒತ್ತಡ ಇಳಿದರೆ ಪೊರೆಯ ಬಾಗು ಬದಲಾಗಿ ವಿದ್ಯುತ್ ಸಂಕೇತವೂ ಬದಲಾಗುತ್ತದೆ. ನಮ್ಮ ಬೆಟ್ಟಗಳ ಎತ್ತರದಲ್ಲಿ ಒಂದು ಮೀಟರ್ ಮೇಲೇರಿದರೆ ಸುಮಾರು 10 ಪ್ಯಾಸ್ಕಲ್ (ಒತ್ತಡದ ಅಳತೆಮಾನ) ಒತ್ತಡ ಇಳಿಯುತ್ತದೆ. ರೆಕ್ಕೆಗಳ ಗಾಳಿ ತಾಗಿ ಲೆಕ್ಕ ಕೆಡದಿರಲೆಂದು ಅನೇಕ ಡ್ರೋನ್‌ಗಳಲ್ಲಿ ಆ ಚಿಪ್‌ನ ಮೇಲೆ ಸ್ಪಂಜಿನ ತುಂಡನ್ನು ಇಟ್ಟಿರುತ್ತಾರೆ. ಬಿಚ್ಚಿ ನೋಡಿದವರು ಅದನ್ನು ಕಸವೆಂದು ಕಿತ್ತೆಸೆಯಬಾರದು.

ಇದು ಹಳೆಯ ಉಪಾಯ. 1648ರ ಸೆಪ್ಟೆಂಬರ್ 19ರಂದು ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲನ ಭಾವ ಫ್ಲೋರಿನ್ ಪೆರಿಯೆ ಗಾಳಿಯ ಒತ್ತಡ ಅಳೆಯುವ ಪಾದರಸದ ಕೊಳವೆ ಹೊತ್ತು ಫ್ರಾನ್ಸಿನ ಪುಯ್ ದ ಡೋಮ್ ಬೆಟ್ಟ ಹತ್ತಿದ. ತುದಿಯಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಇಳಿದಿತ್ತು. ಅವನು ಮಾಡಿದ ಜಾಣತನವೆಂದರೆ ಇನ್ನೊಂದು ಕೊಳವೆಯನ್ನು ತಪ್ಪಲಿನಲ್ಲೇ ಬಿಟ್ಟು, ದಿನವಿಡೀ ಅದನ್ನು ನೋಡುತ್ತಿರಲು ಒಬ್ಬನನ್ನು ಕೂರಿಸಿದ್ದು. ಒತ್ತಡ ಒಂದು ಹೋಲಿಕೆ ಮಾತ್ರ; ಹೋಲಿಸಲು ಇನ್ನೊಂದು ತಾಣ ಬೇಕೇ ಬೇಕು.

ಡ್ರೋನ್‌ಗೆ ಆ ತಾಣ ನೀವು ಅದನ್ನು ಎತ್ತಿದ ಜಾಗ. ಅಲ್ಲಿನ ಒತ್ತಡವೇ ಅದರ ಸೊನ್ನೆ. ಗುಡ್ಡದ ಅಂಚಿನಿಂದ 40 ಮೀಟರ್ ಎತ್ತಿ ಕಣಿವೆಯತ್ತ ಸಾಗಿಸಿ. ಕೆಳಗಿನ ನೆಲ 200 ಮೀಟರ್ ಕುಸಿದಿದ್ದರೆ ನಿಮ್ಮ ಡ್ರೋನ್ ನೆಲದಿಂದ 240 ಮೀಟರ್ ಮೇಲಿದೆ. ಪರದೆಯಲ್ಲಿ ಮಾತ್ರ 40 ಕದಲುವುದಿಲ್ಲ.

ಇದರ ತಿರುವುಮುರುವು ಇನ್ನೂ ದುಬಾರಿ. ಸಿಗ್ನಲ್ ಕಡಿದಾಗ ಡ್ರೋನ್ ಮನೆಗೆ ಮರಳುವ ಎತ್ತರವೂ ಅದೇ ಸೊನ್ನೆಯಿಂದಲೇ. ತೋಟದ ಕಣದಲ್ಲಿ ನಿಂತು 30 ಮೀಟರ್ ಎಂದು ನಿಗದಿ ಮಾಡಿ, ಇಳಿಜಾರಿನ ಮೇಲ್ಗಡೆಗೆ ಕಳಿಸಿದಿರಿ ಎನ್ನಿ. ಅಲ್ಲಿನ ನೆಲವೇ 20 ಮೀಟರ್ ಮೇಲಿದೆ, ಅದರ ಮೇಲೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡ ಸಿಲ್ವರ್ ಓಕ್. ಅಡೆತಡೆ ಗುರುತಿಸುವ ಸೆನ್ಸರ್ ಇಲ್ಲದ ಅಗ್ಗದ ಡ್ರೋನ್ ನೆಟ್ಟಗೆ ಕೊಂಬೆಗೆ ಹೋಗಿ ಬಡಿಯುತ್ತದೆ. ಹಾಗೆ ಬಡಿದವರು ಜಿಪಿಎಸ್ ಅನ್ನು ದೂರುತ್ತಾರೆ. ಬೆಟ್ಟದಲ್ಲಿ ಕಾಂತಶಕ್ತಿ ಇದೆ ಎಂದೂ ಹೇಳುತ್ತಾರೆ! ಹಾರಿಸುವ ಮೊದಲು ದಾರಿಯ ಅತಿ ಎತ್ತರದ ಮರದ ತುದಿ ನಿಮ್ಮ ಕಾಲ ಕೆಳಗಿನ ನೆಲಕ್ಕಿಂತ ಎಷ್ಟು ಮೇಲಿದೆ ಎಂದು ಅಂದಾಜಿಸಿ, ಹತ್ತಿಪ್ಪತ್ತು ಮೀಟರ್ ಸೇರಿಸಿ ನಿಗದಿ ಮಾಡಿ. ನೆಲದಿಂದ 120ರ ಮಿತಿಯೊಳಗೆ ಅದು ಹೊಂದದಿದ್ದರೆ ಎತ್ತುವ ಜಾಗವನ್ನೇ ಬದಲಿಸಿ.

ಬ್ಯಾಟರಿಯ ಲೆಕ್ಕವೂ ಇಲ್ಲಿ ಬೇರೆ. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 17ರಷ್ಟು ಕಡಿಮೆ. ಅಷ್ಟೇ ಭಾರ ಹೊರಲು ರೆಕ್ಕೆ ಸುಮಾರು ಶೇ. 10ರಷ್ಟು ಹೆಚ್ಚು ವೇಗವಾಗಿ ತಿರುಗಬೇಕು, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ. ಪಶ್ಚಿಮದ ಗಾಳಿ ಬೀಸುವ ದಿನ ಡ್ರೋನ್ ಅನ್ನು ಮೊದಲು ಗಾಳಿಗೆ ಎದುರಾಗಿ ಕಳಿಸಿ. ಮರಳುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ.