ಸಾವಿರ ಸಹಿಗಳಿದ್ದರೆ ಯೋಜನೆ ನಿಲ್ಲುತ್ತದೆಯೇ?

ಓದುಗರ ಪ್ರಶ್ನೆ: ನಮ್ಮ ವಸಾಹತಿನ ಪಕ್ಕದ ದೊಡ್ಡ ಯೋಜನೆಯೊಂದಕ್ಕೆ ಮುಂದಿನ ತಿಂಗಳು ಪರಿಸರ ಜನಸುನಾವಣಿ (ಜನರ ಅಹವಾಲು ಕೇಳುವ ಸಭೆ) ಇದೆ. ಸಾವಿರ ಸಹಿ ಸಂಗ್ರಹಿಸಿದ್ದೇವೆ. ವಿರೋಧಿಸುವವರೇ ಹೆಚ್ಚಾದರೆ ಯೋಜನೆ ಬಿದ್ದುಹೋಗುತ್ತದಲ್ಲವೇ?

ಬೀಳುವುದಿಲ್ಲ. ಠಾಣೆ, ಡೊಂಬಿವಿಲಿ, ಪುಣೆಗಳಿಂದ ಈ ಪ್ರಶ್ನೆ ಬಂದಾಗಲೆಲ್ಲ ಇದೇ ಉತ್ತರ ಕೊಟ್ಟಿದ್ದೇನೆ. ಆದರೂ ಸುನಾವಣಿಯನ್ನು ಚುನಾವಣೆಯೆಂದು ತಿಳಿಯುವ ಭ್ರಮೆ ಅಳಿದಿಲ್ಲ. ಆದ್ದರಿಂದ ಈ ಸಲ ನಿಯಮವನ್ನೇ ಬಿಡಿಸಿ ಹೇಳುತ್ತೇನೆ.

ಯೋಜನೆಗಳಿಂದ ಪರಿಸರದ ಮೇಲಾಗುವ ಪರಿಣಾಮವನ್ನು ಅಳೆಯುವ ಬಗೆಗಿನ 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯಲ್ಲಿ ಮತ ಎಣಿಕೆಯ ಮಾತೇ ಇಲ್ಲ. ಸಭೆ ಆರಂಭಿಸಲು ಕೋರಂ (ಕನಿಷ್ಠ ಹಾಜರಿ) ಕೂಡ ಬೇಕಿಲ್ಲ. ಜಿಲ್ಲಾಧಿಕಾರಿ, ಇಲ್ಲವೇ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿ ಅಧ್ಯಕ್ಷತೆ ವಹಿಸುವ ಆ ಸಭೆಯ ಕೆಲಸವೆಂದರೆ, ಜನ ಎತ್ತಿದ ಅಂಶಗಳನ್ನೂ ಅವಕ್ಕೆ ಯೋಜನೆಯವರು ಕೊಟ್ಟ ಉತ್ತರವನ್ನೂ ದಾಖಲಿಸಿ ಯೋಜನೆಯನ್ನು ಪರಿಶೀಲಿಸುವ ತಜ್ಞರ ಸಮಿತಿಯ ಮುಂದೆ ಬರುವಂತೆ ಮಾಡುವುದು. ‘ಈ ಯೋಜನೆ ನಮಗೆ ಬೇಡ’ ಎಂಬ ಸಾಲಿನ ಕೆಳಗೆ ಸಾವಿರ ಸಹಿಗಳಿದ್ದರೂ ಅದು ಒಂದೇ ಅಂಶ. ‘ಯೋಜನೆಯ ಪರಿಸರ ವರದಿಯ ನಕ್ಷೆಯಲ್ಲಿ ಇಲ್ಲಿಯ ನಾಲೆಯನ್ನು ತೋರಿಸಿಲ್ಲ, ಜುಲೈಯಲ್ಲಿ ನೀರು ಇಷ್ಟು ಎತ್ತರಕ್ಕೆ ಏರುತ್ತದೆ, ಚಿತ್ರ ಲಗತ್ತಿಸಿದ್ದೇನೆ’ ಎಂದು ಒಬ್ಬರೇ ಬರೆದರೂ ಅದನ್ನು ‘ಅಭಿವೃದ್ಧಿ ಬೇಕಲ್ಲವೇ’ ಎಂಬ ಮಾತಿನಿಂದ ತೇಲಿಸಿಬಿಡಲಾಗದು.

ಮುಂಬಯಿಯ ವರ್ಲಿ ಕೋಳಿವಾಡಾದ ಮೀನುಗಾರರನ್ನು ನೋಡಿ. ಒಂದು ಕೋಟಿಗೂ ಹೆಚ್ಚು ಜನರಿರುವ ನಗರದಲ್ಲಿ ಅವರ ಸಂಖ್ಯೆ ಯಾವ ಲೆಕ್ಕಕ್ಕೂ ಬರುವಂಥದ್ದಲ್ಲ. ಆದರೆ ಕರಾವಳಿಯುದ್ದಕ್ಕೂ ಸಾಗುವ ಕೋಸ್ಟಲ್ ರೋಡಿನ ಸೇತುವೆಯ ಕಂಬಗಳ ನಡುವಿನ 60 ಮೀಟರ್ ಅಂತರದಲ್ಲಿ ದೋಣಿಗಳು ಸುರಕ್ಷಿತವಾಗಿ ದಾಟಲಾರವು ಎಂಬುದು ಸಮುದ್ರಕ್ಕೆ ಇಳಿಯುವ ಅವರಿಗೆ ತಿಳಿದಿತ್ತು. ಅವರು ಕೇಳಿದ್ದು 160 ಮೀಟರ್. ದೀರ್ಘ ಪ್ರತಿಭಟನೆಯ ಬಳಿಕ, 2022ರ ಕೊನೆಯಲ್ಲಿ, ನಡುವಿನ ಒಂದು ಕಂಬವನ್ನೇ ಕೈಬಿಟ್ಟು 120 ಮೀಟರ್ ಬಿಡಲು ಸರ್ಕಾರ ಒಪ್ಪಿತು. ನಕ್ಷೆ ಬರೆಯುವ ಮೊದಲೇ ಅವರನ್ನು ಕೂರಿಸಿಕೊಂಡು ಕೇಳಿದ್ದರೆ ಅಷ್ಟು ವರ್ಷಗಳ ಸಂಕಟ ತಪ್ಪುತ್ತಿತ್ತು ಎಂದೇ ನಾನು ನಂಬಿದ್ದೇನೆ.

ನೀವು ಕೇಳದ ಇನ್ನೊಂದು ಮಾತನ್ನೂ ಹೇಳಬೇಕು. ಬಾಡಿಗೆ ಮನೆಯಲ್ಲಿರುವ, ರೇಷನ್ ಕಾರ್ಡು ಇನ್ನೂ ಊರಿನಲ್ಲೇ ಇರುವ ನಮ್ಮ ಇಲ್ಲಿಯ ಕನ್ನಡಿಗರು ‘ನಾವು ಹೊರಗಿನವರು, ನಮಗೇಕೆ’ ಎಂದು ಹಿಂದೆ ಸರಿಯುವುದನ್ನು ಕಂಡಾಗ ನೋವಾಗುತ್ತದೆ. ಸಭೆಯಲ್ಲಿ ಮಾತನಾಡಲು ಬಾಧಿತ ಸ್ಥಳೀಯರಿಗೆ, ಲಿಖಿತವಾಗಿ ತಿಳಿಸಲು ಹಿತಾಸಕ್ತಿಯುಳ್ಳ ಇತರರಿಗೆ ಅಧಿಸೂಚನೆಯೇ ಅವಕಾಶ ಕೊಟ್ಟಿದೆ. ಅದು ಮನೆಯ ಒಡೆತನವನ್ನಾಗಲಿ ಹುಟ್ಟೂರನ್ನಾಗಲಿ ಕೇಳುವುದಿಲ್ಲ. ಮಧ್ಯರಾತ್ರಿಯವರೆಗೆ ಹೋಟೆಲಿನಲ್ಲಿ ದುಡಿಯುವ ಹುಡುಗ ಸಭೆಗೆ ಬರಲಾರ, ಆದರೆ ಅವನ ಕೋಣೆಗೆ ನುಗ್ಗುವ ನೀರಿನ ವಿವರವನ್ನು ಬರೆಸಿಕೊಂಡು ಸುನಾವಣಿ ಏರ್ಪಡಿಸುವ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬಹುದು. ಮರಾಠಿ ಚೆನ್ನಾಗಿ ಬಲ್ಲ ಒಬ್ಬರನ್ನು ಸಭೆಯ ಕೊನೆಯವರೆಗೂ ಕೂರಿಸಿರಿ: ನಡಾವಳಿಯ ಸಾರಾಂಶವನ್ನು ಅಂದೇ, ಅಲ್ಲೇ, ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ, ಮತ್ತು ಅದರಲ್ಲಿ ನಿಮ್ಮ ನಾಲೆಯ ಹೆಸರು ಬರದಿದ್ದರೆ ಎದ್ದು ನಿಂತು ಕೇಳಬೇಕಾದದ್ದು ಜಿಲ್ಲಾಧಿಕಾರಿ ಸಹಿ ಹಾಕುವ ಮೊದಲೇ.