ಮುಳುಗುವ ತಂಡಗಳು ರಾನಿಯೇರಿಯನ್ನೇ ಯಾಕೆ ಕರೆಯುತ್ತವೆ?

2024ರ ನವೆಂಬರ್. ಇಟಲಿಯ ರೋಮಾ ಫುಟ್‌ಬಾಲ್ ತಂಡ ಎರಡೇ ತಿಂಗಳೊಳಗೆ ಇಬ್ಬರು ಕೋಚ್‌ಗಳನ್ನು ಮನೆಗೆ ಕಳಿಸಿತ್ತು. 12 ಪಂದ್ಯಗಳಿಂದ ಬರೀ 13 ಅಂಕ. ಆಗ ಕರೆ ಹೋಗಿದ್ದು ಕ್ಲಾಡಿಯೋ ರಾನಿಯೇರಿ ಅವರಿಗೆ. ಅದೇ ವರ್ಷ ಮೇ ತಿಂಗಳಲ್ಲಿ ನಿವೃತ್ತಿ ಹೇಳಿದ್ದ 73ರ ಹಿರಿಯ. ಸಂಕಟ ಬಂದಾಗ ವೆಂಕಟರಮಣ ಅಂತಾರಲ್ಲ, ಯುರೋಪಿನ ಎಷ್ಟೋ ಕ್ಲಬ್‌ಗಳಿಗೆ ಅವರು ಹಾಗೆಯೇ.

ಸಂಕಟಕ್ಕೆ ಆಗುವವರು ಎಂಬ ಈ ಹೆಸರು ಇಂಗ್ಲೆಂಡ್‌ನ ಲೆಸ್ಟರ್ ಕ್ಲಬ್‌ನಿಂದ ಬಂತು ಎಂದು ಅನೇಕರು ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದರ ಬೇರು ದಕ್ಷಿಣ ಇಟಲಿಯಲ್ಲಿದೆ, ಅವರು ಇನ್ನೂ ಚೆಂಡು ಒದೆಯುತ್ತಿದ್ದ ದಿನಗಳಲ್ಲಿದೆ.

ರೋಮ್‌ನ ತೆಸ್ತಾಚ್ಚೋ ಪೇಟೆಯಲ್ಲಿ ತಂದೆಗೆ ಮಾಂಸದ ಅಂಗಡಿ. ಮಗ ಹುಟ್ಟಿದ್ದು 1951ರಲ್ಲಿ. ಡಿಫೆಂಡರ್ ಆಗಿ ಊರಿನ ರೋಮಾ ತಂಡ ಸೇರಿದರೂ ಅಲ್ಲಿ ಆಡಲು ಸಿಕ್ಕಿದ್ದು ಆರೇ ಲೀಗ್ ಪಂದ್ಯ. 1974ರಲ್ಲಿ ಕಲಾಬ್ರಿಯಾದ ಕತಂಜಾರೋಗೆ ಹೋದರು. ಎಂಟು ವರ್ಷ ಅಲ್ಲೇ ಇದ್ದರು. ಮೊದಲ ದರ್ಜೆಗೆ ಏರುವುದು, ಜಾರುವುದು, ಮತ್ತೆ ಏರುವುದು: ಆ ಪುಟ್ಟ ಕ್ಲಬ್‌ನ ಬದುಕೇ ಅದು. ಅಲ್ಲಿ ಎರಡು ಸಲ ಬಡ್ತಿ ಕಂಡರು. ಆಮೇಲೆ ಸಿಸಿಲಿಯ ಕತಾನಿಯಾ, ಪಲೆರ್ಮೋ ತಂಡಗಳಲ್ಲಿ ಒಂದೊಂದು ಸಲ. ರಾಷ್ಟ್ರೀಯ ತಂಡಕ್ಕೆ ಒಮ್ಮೆಯೂ ಆಡಲಿಲ್ಲ. ಆದರೆ ಒಂದು ಅಂಕಕ್ಕೆ ಎಷ್ಟು ಬೆವರು ಸುರಿಸಬೇಕು ಅನ್ನುವುದು ಅಂಥ ತಂಡಗಳ ಡಿಫೆಂಡರ್‌ಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತಿರುತ್ತದೆ?

ಕೋಚ್ ಆದ ಮೇಲೆ, 1988ರಲ್ಲಿ, ಸಾರ್ಡಿನಿಯಾ ದ್ವೀಪದ ಕಾಲ್ಯಾರಿ ಕ್ಲಬ್ ಅವರ ಕೈಗೆ ಬಂತು. ಅದು ಆಗ ಮೂರನೇ ದರ್ಜೆಯಲ್ಲಿತ್ತು. ಎರಡೇ ವರ್ಷದಲ್ಲಿ ಎರಡು ಮೆಟ್ಟಿಲು ಏರಿಸಿ ಇಟಲಿಯ ಮೊದಲ ದರ್ಜೆಯಾದ ‘ಸೀರಿ ಎ’ಗೆ ತಂದರು. ಮೂರನೇ ವರ್ಷ ಅಲ್ಲೇ ಉಳಿಸಿದರು. ಮುಂದೆ ಫಿಯೊರೆಂಟೀನಾವನ್ನೂ ಎರಡನೇ ದರ್ಜೆಯಿಂದ ಮೇಲೆತ್ತಿದರು, 1996ರಲ್ಲಿ ಇಟಾಲಿಯನ್ ಕಪ್ ಗೆಲ್ಲಿಸಿದರು.

ಇಂಗ್ಲೆಂಡ್‌ನಲ್ಲಿ ಮಾತ್ರ ಅವರಿಗೆ ಬೇರೆಯೇ ಹೆಸರು ಬಿತ್ತು. ಲಂಡನ್ನಿನ ಚೆಲ್ಸಿ ಕ್ಲಬ್‌ನಲ್ಲಿ ಪಂದ್ಯದಿಂದ ಪಂದ್ಯಕ್ಕೆ ತಂಡ ಬದಲಿಸುತ್ತಾರೆಂದು ಪತ್ರಿಕೆಗಳು ‘ಟಿಂಕರ್‌ಮ್ಯಾನ್’ (ಸದಾ ಏನಾದರೂ ತಿದ್ದುತ್ತಲೇ ಇರುವವ) ಎಂದು ಕರೆದವು. 2004ರಲ್ಲಿ ಲೀಗ್‌ನಲ್ಲಿ ಎರಡನೇ ಸ್ಥಾನ, ಯುರೋಪಿನ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಸೆಮಿಫೈನಲ್. ಆದರೂ ಕೆಲಸ ಹೋಯಿತು. ಇದು ನನಗೆ ಈಗಲೂ ಅನ್ಯಾಯ ಅನಿಸುತ್ತದೆ.

ಬದಲಾವಣೆ ಅವರ ಧೈರ್ಯ, ಚಂಚಲತೆ ಅಲ್ಲ. 2010ರ ಏಪ್ರಿಲ್‌ನ ರೋಮ್ ಡರ್ಬಿ, ಅಂದರೆ ಒಂದೇ ಊರಿನ ರೋಮಾ ಮತ್ತು ಲಾತ್ಸಿಯೋ ತಂಡಗಳ ಪಂದ್ಯ ನೋಡಿ. ಆಗ ಅವರು ರೋಮಾದ ಕೋಚ್. ರೋಮಾ ಪ್ರಶಸ್ತಿಯ ಓಟದಲ್ಲಿತ್ತು, ಲಾತ್ಸಿಯೋ 1-0 ಮುಂದಿತ್ತು. ವಿರಾಮಕ್ಕೆ ರಾನಿಯೇರಿ ಹೊರಗೆ ಕೂರಿಸಿದ್ದು ಯಾರನ್ನು? ತೊತ್ತಿ ಮತ್ತು ದೆ ರೋಸ್ಸಿಯನ್ನು! ಆ ಊರಿನ ಇಬ್ಬರು ಕಣ್ಮಣಿಗಳನ್ನು. ವುಚಿನಿಚ್ ಎರಡು ಗೋಲು ಹೊಡೆದರು, ರೋಮಾ 2-1ರಿಂದ ಗೆದ್ದಿತು. ಸೋತಿದ್ದರೆ ಊರಲ್ಲಿ ಅವರಿಗೆ ಉಳಿಗಾಲವಿತ್ತಾ?

2014ರಲ್ಲಿ ಅವರು ಕೋಚ್ ಆಗಿದ್ದ ಗ್ರೀಸ್ ತಂಡ ಪುಟ್ಟ ಫರೋ ದ್ವೀಪಗಳಿಗೆ ಸೋತಾಗ ಅವರ ಕಥೆ ಮುಗಿಯಿತು ಎಂದವರೇ ಜಾಸ್ತಿ. ಮುಂದಿನ ಲೆಸ್ಟರ್ ಕಥೆ ಎಲ್ಲರಿಗೂ ಗೊತ್ತು: ಗೆಲುವಿಗೆ ಒಂದಕ್ಕೆ 5000 ಕೊಡುವ ಬಾಜಿ, 81 ಅಂಕ, 2016ರಲ್ಲಿ ಇಂಗ್ಲೆಂಡ್‌ನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನ ಕಿರೀಟ. ಅಲ್ಲಿ ನನಗೆ ಇಷ್ಟವಾಗುವುದು ಪಿಜ್ಜಾ ಪ್ರಸಂಗ. ಗೋಲು ಬಿಟ್ಟುಕೊಡದೆ ಒಂದು ಪಂದ್ಯ ಮುಗಿಸಿ, ಪಿಜ್ಜಾ ಕೊಡಿಸ್ತೀನಿ ಎಂದು ಮಾತು ಕೊಟ್ಟಿದ್ದರು. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ 1-0 ಆದ ಮೇಲೆ ಕರೆದುಕೊಂಡು ಹೋದರು, ಹಿಟ್ಟು ತಟ್ಟಿ ಪಿಜ್ಜಾ ಮಾಡುವ ಕೆಲಸವನ್ನು ಆಟಗಾರರಿಗೇ ಹಚ್ಚಿದರು. ಹಳೇ ಡಿಫೆಂಡರ್‌ಗೆ ಗೋಲು ತಡೆಯುವುದೇ ಹಬ್ಬ ಅಲ್ವಾ!

ಕಿರೀಟ ಗೆದ್ದ ಒಂಬತ್ತು ತಿಂಗಳಲ್ಲಿ ಆ ಕೆಲಸವೂ ಹೋಯಿತು. 2022ರ ಕೊನೆಗೆ ಅದೇ ಕಾಲ್ಯಾರಿ ಮತ್ತೆ ಕರೆಯಿತು. ಬಡ್ತಿಯ ಕೊನೇ ಪಂದ್ಯ 2023ರ ಜೂನ್‌ನಲ್ಲಿ, ಬಾರಿ ಎಂಬ ಊರಿನಲ್ಲಿ. 94ನೇ ನಿಮಿಷದಲ್ಲಿ ಪವೊಲೆತ್ತಿ ಗೋಲು ಹೊಡೆದರು, ರಾನಿಯೇರಿ ಅತ್ತೇಬಿಟ್ಟರು.

ಇನ್ನು 2024ರ ಆ ರೋಮಾ ಕರೆ: ಉಳಿದ 26 ಪಂದ್ಯಗಳಿಂದ ಅವರ ಹುಡುಗರು 56 ಅಂಕ ಗಳಿಸಿದರು. ತಂಡ ಐದನೇ ಸ್ಥಾನಕ್ಕೆ ಬಂತು. ಚಾಂಪಿಯನ್ಸ್ ಲೀಗ್ ತಪ್ಪಿದ್ದು ಒಂದೇ ಒಂದು ಅಂಕದಿಂದ. 2025ರ ಜೂನ್‌ನಲ್ಲಿ ಇಟಲಿ ರಾಷ್ಟ್ರೀಯ ತಂಡವೇ ಬಾಗಿಲು ತಟ್ಟಿತು. ಈ ಸಲ ಅವರು ಒಲ್ಲೆ ಎಂದರು.