ಪದ ಪರಿಚಯ: ಏರ್ ಹಿಡಿಯುವುದು

ಬ್ರೇಕ್ ಪೆಡಲ್ ಮೆತ್ತಗಾಗಿದೆ, ಸ್ಪಂಜು ತುಳಿದ ಹಾಗಿದೆ ಎಂದು ಗ್ಯಾರೇಜಿನಲ್ಲಿ ಹೇಳಿ ನೋಡಿ. 'ಏರ್ ಹಿಡಿದಿದೆ ಸಾರ್, ಬ್ಲೀಡ್ ಮಾಡ್ಬೇಕು' ಅನ್ನುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಹೌದು. ಬ್ರೇಕ್ ಆಯಿಲ್ ಎಷ್ಟು ಅದುಮಿದರೂ ಕುಗ್ಗುವುದಿಲ್ಲ ಅನ್ನಬಹುದು, ಹಾಗಾಗಿ ಕಾಲಿನ ಒತ್ತಡ ನೇರ ಚಕ್ರಕ್ಕೆ ತಲುಪುತ್ತದೆ. ನಡುವೆ ಗಾಳಿಗುಳ್ಳೆ ಸೇರಿದರೆ ಮೊದಲು ಗುಳ್ಳೆ ಕುಗ್ಗಬೇಕು, ಆಮೇಲೆ ಬ್ರೇಕ್. ಚಕ್ರದ ಹತ್ತಿರದ ನಿಪ್ಪಲ್ (ಆಯಿಲ್ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿ ಆ ಗಾಳಿಯನ್ನು ಆಯಿಲ್ ಸಮೇತ ಹೊರಹಾಕುವುದೇ ಬ್ಲೀಡಿಂಗ್.

ಬ್ರೇಕಿನ ಬಿಸಿಗೆ ಆಯಿಲ್ ಕುದಿದು ಎದ್ದ ಆವಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿಕೊಂಡ ಹಳೆಯದಕ್ಕೆ ಈ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಒಂದೇ ಸಮ ಬ್ರೇಕ್ ತುಳಿದು ಪೆಡಲ್ ಕುಸಿಯುವುದು ಹೀಗೆ.

ಕೈಯಾರೆ ಕಟ್ಟಿದ ಗಾಡಿಯಲ್ಲಿ ಮಾತ್ರ ಈ ಪದ ದಾರಿ ತಪ್ಪಿಸುತ್ತದೆ. ಕಾಲೇಜಿನ ವರ್ಕ್‌ಶಾಪಿನಲ್ಲಿ ನಾವು ಕಟ್ಟಿದ ಬಗ್ಗಿಗೆ ನಾಲ್ಕು ಸಲ ಬ್ಲೀಡ್ ಮಾಡಿದೆವು. ಒಬ್ಬ ಪೆಡಲ್ ಒತ್ತಿ 'ಹಿಡ್ದೆ' ಅನ್ನುವುದು, ಚಕ್ರದ ಹತ್ತಿರ ಕೂತವನು ನಿಪ್ಪಲ್ ಬಿಚ್ಚಿ, ಮತ್ತೆ ಬಿಗಿದು 'ಬಿಡೋ' ಅನ್ನುವುದು. ಬಾಟಲಿಗೆ ಇಳಿಬಿಟ್ಟ ಪೈಪಿನಲ್ಲಿ ಒಂದು ಗುಳ್ಳೆಯೂ ಕಾಣಲಿಲ್ಲ, ಪೆಡಲ್ ಮಾತ್ರ ಹಾಗೇ ಇತ್ತು. ಕೊನೆಗೆ ನೋಡಿದರೆ ಎಡದ ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಪ್ಯಾಡುಗಳ ನಡುವೆ ಅದುಮುವ ಭಾಗ) ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿದ್ದೆವು. ನಿಪ್ಪಲ್ ತಳಕ್ಕೆ ಬಂದಿತ್ತು. ಗಾಳಿ ಮೇಲೆ ಕೂತಿರುವಾಗ ತಳದಲ್ಲಿ ಬಾಗಿಲು ತೆಗೆದರೆ ಏನು ಬರುತ್ತದೆ, ಬರೀ ಆಯಿಲ್.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮುಂಚೆ ಪೆಡಲ್ ಏನು ಹೇಳುತ್ತಿದೆ ಎಂದು ಕಾಲಲ್ಲೇ ಕೇಳಬೇಕು. ಎರಡು ಮೂರು ಸಲ ತುಳಿದ ಮೇಲೆ ಗಟ್ಟಿಯಾಗುತ್ತದೆಯೇ? ಏರ್ ಇರಬಹುದು, ಇಲ್ಲವೇ ವೀಲ್ ಬೇರಿಂಗ್ ಸಡಿಲಾಗಿ ಡಿಸ್ಕ್ ಅಲ್ಲಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿರಬಹುದು. ಒತ್ತಿ ಹಿಡಿದರೆ ಮೆಲ್ಲಗೆ ತಳಕ್ಕೆ ಇಳಿಯುತ್ತದೆಯೇ? ಅದು ಏರ್ ಅಲ್ಲ. ಎಲ್ಲೋ ಸೋರುತ್ತಿದೆ ಅಥವಾ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲು ಹೋಗಿದೆ. ಅಂಥ ಗಾಡಿಯನ್ನು ರಸ್ತೆಗೆ ತೆಗೆಯಲೇಬೇಡಿ. ಇನ್ನು ಮಾಸ್ಟರ್ ಸಿಲಿಂಡರನ್ನೇ ನೆಲಮಟ್ಟದಲ್ಲಿ, ಕ್ಯಾಲಿಪರಿಗಿಂತ ಕೆಳಗೆ ಕೂರಿಸಿದ್ದರೆ ಆಯಿಲ್ ಹಿಂದಕ್ಕೆ ಹರಿದು ಬರುತ್ತದೆ. ಅದನ್ನು ತಡೆಯಲು ಲೈನಿನಲ್ಲಿ ಸಣ್ಣ ವಾಲ್ವ್ ಹಾಕುತ್ತಾರೆ, ಅದು ಉಳಿಸಿಕೊಳ್ಳುವ ಒತ್ತಡ ಸಾಮಾನ್ಯವಾಗಿ ಡಿಸ್ಕ್ ಬ್ರೇಕಿಗೆ 2 ಪಿಎಸ್ಐ, ಡ್ರಮ್ಮಿಗೆ 10.

ಕ್ಯಾಲಿಪರ್ ಅದಲುಬದಲು ಮಾಡಿದ ಮೇಲೂ ನಮ್ಮ ಪೆಡಲ್ ಅರ್ಧವೇ ಸರಿಹೋಯಿತು. ಒಬ್ಬನನ್ನು ಸೀಟಿನಲ್ಲಿ ಕೂರಿಸಿ ಬಲವಾಗಿ ತುಳಿಯಲು ಹೇಳಿ, ನಾನು ಮುಂದೆ ಬಗ್ಗಿ ಟಾರ್ಚ್ ಬಿಟ್ಟೆ. ಮಾಸ್ಟರ್ ಸಿಲಿಂಡರ್ ಬೋಲ್ಟು ಮಾಡಿದ್ದ ತೆಳು ತಗಡು ಹಪ್ಪಳದ ಹಾಗೆ ಉಬ್ಬುತ್ತಿತ್ತು. ಕಾಲು ತೆಗೆದರೆ ಮತ್ತೆ ಚಪ್ಪಟೆ. ಹಿಂದೆ ಒಂದು ಆಂಗಲ್ ತುಂಡು ವೆಲ್ಡ್ ಮಾಡಿಸಿದೆವು, ಪೆಡಲ್ ಕಲ್ಲಿನಂತಾಯಿತು.